ಸಾಕುಹಾವಿಗೆ ಕೊಂದ ಇಲಿಯೇ ಲೇಸು

ನಾಯಿ ಬೆಕ್ಕುಗಳಂತೆ ಹಾವನ್ನೂ ಮನೆಯಲ್ಲಿ ಸಾಕುವ ಹವ್ಯಾಸ ಅಮೆರಿಕ, ಇಂಗ್ಲೆಂಡುಗಳಲ್ಲಿ ಬಹುಮಂದಿಗೆ ಉಂಟು. ಅವರಿಗೆ ಅಚ್ಚುಮೆಚ್ಚಿನದು ‘ಕಾರ್ನ್ ಸ್ನೇಕ್’ ಎಂಬ ವಿಷರಹಿತವಾದ ಸಾಧುಹಾವು. ಅಮೆರಿಕದ ಆಗ್ನೇಯ ಭಾಗ ಇದರ ತವರು. (ನಮ್ಮಲ್ಲಿ ಕೇರೆ, ನಾಗರ ಮೊದಲಾದ ನಾಡಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬುದನ್ನು ವಿದ್ಯಾರ್ಥಿಗಳು ಮರೆಯತಕ್ಕದ್ದಲ್ಲ.) ಇದಕ್ಕೆ ಜೀವಂತ ಇಲಿಯನ್ನು ಕೊಡಬೇಕೆ, ಕೊಂದ ಇಲಿಯನ್ನು ಕೊಡಬೇಕೆ ಎಂಬ ವಾದವು ಸಾಕುವವರಲ್ಲಿ ಇನ್ನೂ ಮುಗಿದಿಲ್ಲ. ಕೊಂದ ಇಲಿಯೇ ತಕ್ಕುದೆಂದು ನನ್ನ ಅಭಿಪ್ರಾಯ.

ಜೀವಂತ ಬೇಟೆಯೇ ಹಾವಿಗೆ ಸಹಜವಾದ ಆಹಾರವಲ್ಲವೆ ಎಂದು ಎದುರುಪಕ್ಷದವರು ಕೇಳುತ್ತಾರೆ. ಆದರೆ ಗಾಜಿನ ಪೆಟ್ಟಿಗೆಯೇ ಸಹಜವಲ್ಲವಷ್ಟೆ! ಕಾಡಿನಲ್ಲಿ ಹಸಿವಿಲ್ಲದ ಹಾವು ಇಲಿಯ ಗೊಡವೆಗೆ ಹೋಗುವುದಿಲ್ಲ. ಇಲಿಯೂ ತನ್ನ ದಾರಿ ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಎರಡಕ್ಕೂ ದಾರಿಯಿಲ್ಲ. ಪೊರೆ ಬಿಡುವ ಕಾಲದಲ್ಲಂತೂ ಹಾವಿನ ಕಣ್ಣು ಮಸುಕಾಗಿರುತ್ತದೆ, ಆಹಾರದಲ್ಲಿ ಅದಕ್ಕೆ ಆಸಕ್ತಿಯೂ ಕಡಮೆ. ಆಗ ಇಲಿಯನ್ನು ಒಳಗೆ ಬಿಟ್ಟು ನಾವು ಮಲಗಿದರೆ, ಬೆಳಗಾಗುವಷ್ಟರಲ್ಲಿ ಇಲಿಯೇ ಹಾವನ್ನು ಕಡಿದಿರಬಹುದು. ಉಳಿಯಂತಹ ಬಾಚಿಹಲ್ಲುಗಳಿಂದ ಹಾವಿನ ಕಣ್ಣು ಹೋದ, ಬೆನ್ನಿನ ಮಾಂಸ ಎಲುಬಿನವರೆಗೆ ಕೊರೆದುಹೋದ ಪ್ರಸಂಗಗಳನ್ನು ಪಶುವೈದ್ಯರು ಬಲ್ಲರು. ಇನ್ನು ಇಲಿಯ ಪಾಡು? ಅದನ್ನೂ ನೆನೆಯಬೇಕು.

ಸತ್ತ ಇಲಿಯನ್ನು ಹಾವು ತಿಂದೀತೆ? ಬಹುಮಟ್ಟಿಗೆ ತಿನ್ನುತ್ತದೆ. ಬೇಟೆಯನ್ನು ಗುರುತಿಸಲು ಅದಕ್ಕೆ ವಾಸನೆಯೇ ದೊಡ್ಡ ಆಧಾರ. ನಾಲಗೆಯು ಹೊತ್ತು ತಂದ ಕಣಗಳನ್ನು ಅಂಗುಳಿನ ಮೇಲಣ ಜೇಕಬ್ಸನ್ ಅಂಗವು ಪರೀಕ್ಷಿಸುತ್ತದೆ. ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಪೂರ್ತಿಯಾಗಿ ಕರಗಿಸಿ, ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗಾಗಿಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ತುಸು ಅಲುಗಿಸಬೇಕು. ಕೈಯಿಂದ ಕೊಡಕೂಡದು, ಇಲಿಯ ವಾಸನೆ ಹತ್ತಿದ ಬೆರಳಿಗೂ ಇಲಿಗೂ ಹಾವು ಭೇದವೆಣಿಸದು. ಇಲಿಯು ಹಾವಿನ ನಡುಮೈಯ ದಪ್ಪದಷ್ಟೋ ತುಸು ಹೆಚ್ಚೋ ಇರಬಹುದು. ಬೆಳೆದ ಹಾವಿಗೆ 10ರಿಂದ 14 ದಿನಗಳಿಗೊಂದು ಸಾಕು. ದಿನಕ್ಕೆರಡು ಹೊತ್ತು ಉಣ್ಣುವ ನಮಗೆ ಇದು ಉಪವಾಸವೆಂದು ತೋರೀತು. ಆದರೆ ಮೈಯನ್ನು ಬೆಚ್ಚಗಿಡಲು ಆಹಾರವನ್ನು ಉರಿಸಬೇಕಾದ ಹಂಗು ಹಾವಿಗಿಲ್ಲ. ತಿಂದ ಮೇಲೆ ಎರಡು ದಿನ ಅದನ್ನು ಎತ್ತಿಕೊಳ್ಳಬಾರದು, ಕಕ್ಕಿಬಿಡಬಹುದು.

ಹೆಪ್ಪುಗಟ್ಟಿಸಿದ ಇಲಿಯಲ್ಲಿಯೂ ಒಂದು ದೋಷವುಂಟು. ಸಾಲ್ಮೊನೆಲ್ಲ ಎಂಬ ರೋಗಾಣುವು ಶೈತ್ಯದಿಂದ ಸಾಯುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ ಇಂತಹ ಇಲಿಗಳಿಂದಲೇ ಸೋಂಕು ಹಬ್ಬಿತು. ಆದುದರಿಂದ ಇಲಿಯನ್ನು ಅಡುಗೆಯ ಪಾತ್ರೆಗಳಲ್ಲಿ ಕರಗಿಸಕೂಡದು; ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಾವೇ ಬೇಡವೆಂದು ಅಲ್ಲಿಯ ಆರೋಗ್ಯಾಧಿಕಾರಿಗಳು ಸಲಹೆಯಿತ್ತಿದ್ದಾರೆ.