ಚಪ್ಪರ ಕಟ್ಟುವ ಪುಟ್ಟ ಕೈಗಳು

ನಮ್ಮ ಮನೆಗಳಲ್ಲಿ ನವರಾತ್ರಿಯ ಸಿದ್ಧತೆ ನಡೆದಿರುವ ಹೊತ್ತಿಗೆ ಇಸ್ರೇಲ್ ದೇಶದ ಶಿಶುವಿಹಾರಗಳಲ್ಲಿಯೂ ಹಬ್ಬದ ಸಡಗರ ತುಂಬಿರುತ್ತದೆ. ಯೆಹೂದಿಯರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಅನುಸರಿಸಿ, ಸೂರ್ಯನೊಡನೆ ಹೊಂದಿಕೊಳ್ಳಲು 19 ವರ್ಷಗಳಲ್ಲಿ 7 ಅಧಿಕಮಾಸಗಳನ್ನು ಸೇರಿಸಿಕೊಳ್ಳುವಂಥದು. 2024ರಲ್ಲಿ ಅವರ ಹೊಸವರ್ಷವೂ ನಮ್ಮ ನವರಾತ್ರಿಯ ಪಾಡ್ಯವೂ ಅಕ್ಟೋಬರ್ 3ರಂದೇ ಬಂದವು. ಎಲ್ಲ ವರ್ಷಗಳಲ್ಲಿಯೂ ಹೀಗಾಗುವುದಿಲ್ಲ. ಅಧಿಕಮಾಸಗಳು ಬೇರೆ ಬೇರೆ ವರ್ಷ ಬಿದ್ದಾಗ ಒಂದು ತಿಂಗಳ ಅಂತರವೂ ಉಂಟು.

ಅವರ ತಿಶ್ರಿ ಮಾಸದ ಮೊದಲ ದಿನ ಹೊಸವರ್ಷವಾದ ರೋಶ್ ಹಶಾನಾ. ಹತ್ತನೆಯ ದಿನ ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್. ಹದಿನೈದರ ಹುಣ್ಣಿಮೆಯಿಂದ ಚಪ್ಪರದ ಹಬ್ಬವಾದ ಸುಕ್ಕೋತ್. ಅಲ್ಲಿ ಶಾಲೆಗಳು ತೆರೆಯುವುದು ಸೆಪ್ಟೆಂಬರ್ 1ಕ್ಕೆ. ತಾಯಿಯ ಸೆರಗನ್ನು ಈಗಷ್ಟೇ ಬಿಟ್ಟು ಬಂದ ಮೂರು ನಾಲ್ಕು ವರ್ಷದ ಮಕ್ಕಳಿಗೆ ಇಷ್ಟನ್ನೂ ಕೆಲವೇ ವಾರಗಳಲ್ಲಿ ತಿಳಿಸಬೇಕು. ಉಪನ್ಯಾಸದಿಂದ ಆಗುವ ಕೆಲಸವೇ ಅದು?

ಆದುದರಿಂದ ಅಧ್ಯಾಪಿಕೆ ಸೇಬನ್ನು ತರುತ್ತಾಳೆ. ಅಡ್ಡಲಾಗಿ ಕೊಯ್ದರೆ ಒಳಗೆ ಬೀಜಗಳ ಐದು ಮೂಲೆಯ ನಕ್ಷತ್ರ. ಮಗು ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುತ್ತದೆ, ಬರುವ ವರ್ಷ ಸಿಹಿಯಾಗಿರಲೆಂದು. ದಾಳಿಂಬೆಯಲ್ಲಿ ಧರ್ಮಾಜ್ಞೆಗಳಷ್ಟೇ, ಎಂದರೆ 613 ಬೀಜಗಳಿವೆಯೆಂಬುದು ಅವರ ನಂಬಿಕೆ. ಎಣಿಸಲು ಕುಳಿತ ಮಗು ಇಪ್ಪತ್ತಕ್ಕೆ ನಿಲ್ಲಿಸಿ ತಿನ್ನತೊಡಗಿದರೆ ಗದರಿಸಬಾರದು. ಇಪ್ಪತ್ತರವರೆಗಾದರೂ ಲೆಕ್ಕ ಬಂತಲ್ಲ! ಹೊಸವರ್ಷದಂದು ಊದುವ ಟಗರಿನ ಕೊಂಬಿಗೆ ಶೋಫಾರ್ ಎಂದು ಹೆಸರು. ಕಾಗದದ ಸುರುಳಿಯಿಂದ ಅದರ ಆಕಾರ ಮಾಡಿಸುವವರುಂಟು. ನಿಜವಾದ ಕೊಂಬನ್ನೇ ಕೈಗೆ ಕೊಟ್ಟು, ಊದಿಸಿ, ಬರಿಯ ಉಸಿರು ಹೊರಟಾಗ ನಗುವುದಕ್ಕೆ ಬಿಡುವುದು ಹೆಚ್ಚು ಲೇಸೆಂದು ನನ್ನ ಮತ.

ಯೋಮ್ ಕಿಪ್ಪುರ್ ಮಾತ್ರ ಕತ್ತರಿ, ಅಂಟುಗಳಿಗೆ ಒಗ್ಗುವುದಿಲ್ಲ. ಹಿರಿಯರು ಸುಮಾರು 25 ಗಂಟೆ ಉಪವಾಸವಿರುತ್ತಾರೆ. ಚಿಕ್ಕ ಮಕ್ಕಳಿಗೆ ಆ ಕಟ್ಟಳೆಯಿಲ್ಲ. ನೆರೆಯವನಿಗೆ ಮಾಡಿದ ತಪ್ಪನ್ನು ನೆರೆಯವನೇ ಕ್ಷಮಿಸದ ಹೊರತು ಆ ದಿನವೂ ತೊಳೆಯಲಾರದೆಂಬುದು ಅವರ ಶಾಸ್ತ್ರ. ಆಟಿಕೆ ಕಸಿದುಕೊಂಡವನು ಕಳೆದುಕೊಂಡವನ ಬಳಿಗೆ ತಾನೇ ಹೋಗಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಕ್ಕೊರಲಿನಿಂದ ಕ್ಷಮೆ ಹೇಳಿಸಿದರೆ ಅದು ಮಗ್ಗಿಯಾದೀತು, ಕ್ಷಮೆಯಾಗದು.

ಸುಕ್ಕೋತ್ ಬಂದಿತೆಂದರೆ ಕೈಗಳಿಗೆ ಬಿಡುವಿಲ್ಲ. ಈಜಿಪ್ಟಿನಿಂದ ಹೊರಟ ಪೂರ್ವಜರು ಮರುಭೂಮಿಯಲ್ಲಿ ಅಲೆದ ದಿನಗಳ ನೆನಪಿಗಾಗಿ ಏಳು ದಿನ ಚಪ್ಪರದಲ್ಲಿ ಉಣ್ಣಬೇಕು. ಗೋಡೆ ಬಟ್ಟೆಯದಾದರೂ ಆದೀತು. ಮಾಡಿಗೆ ಕಡಿದ ರೆಂಬೆ, ಗರಿಗಳೇ ಬೇಕು. ಕೆಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ಇರುಳಿನಲ್ಲಿ ಸಂದಿನಿಂದ ನಕ್ಷತ್ರ ಕಾಣಬೇಕು. ಮಕ್ಕಳು ಬಣ್ಣದ ಕಾಗದದ ಪಟ್ಟಿಗಳನ್ನು ಬಳೆಯಾಗಿ ಅಂಟಿಸಿ, ಒಂದಕ್ಕೊಂದು ಕೋದು, ಸರಪಳಿ ಮಾಡಿ ತೂಗಿಬಿಡುತ್ತಾರೆ. ಕೆಂಪು, ಹಳದಿ, ಮತ್ತೆ ಕೆಂಪು: ಬಣ್ಣದ ಕ್ರಮವೂ ಬೆರಳಿನ ಹದವೂ ಒಟ್ಟಿಗೇ ಬರುತ್ತವೆ. ಹಬ್ಬದ ನಾಲ್ಕು ಸಸ್ಯಗಳಲ್ಲಿ ಖರ್ಜೂರದ ಸುಳಿಗರಿ ಒಂದು. ನಾವು ಮಾದಳವೆನ್ನುವ ಜಾತಿಯ ಹಣ್ಣು ಇನ್ನೊಂದು. ಅದನ್ನು ಮೂಸಿ ನೋಡಿದ ಮಗುವಿಗೆ ಹಬ್ಬದ ವಿವರಣೆ ಬೇಕಾಗುವುದಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಸಂಗತಿಯಿದೆ. ಮೊದಲ ಹೀಬ್ರೂ ಶಿಶುವಿಹಾರ 1898ರಲ್ಲಿ ರಿಶೋನ್ ಲೆಝಿಯೋನ್ ಎಂಬ ಊರಿನಲ್ಲಿ ತೆರೆಯಿತು. ಆಗ ಮನೆಗಳಲ್ಲಿ ಆಡುತ್ತಿದ್ದುದು ಯಿಡ್ಡಿಷ್ ಮೊದಲಾದ ಬೇರೆ ಭಾಷೆಗಳು. ಮಕ್ಕಳ ಹಾಡುಗಳನ್ನೂ ಹೊಸದಾಗಿಯೇ ಕಟ್ಟಬೇಕಾಯಿತು. ಲೆವಿನ್ ಕಿಪ್ನಿಸ್ ಎಂಬ ಕವಿ ಹಬ್ಬಕ್ಕೊಂದರಂತೆ ಹಾಡು ಬರೆದುಕೊಟ್ಟರು. ಸರಪಳಿ ಕೋಯುತ್ತ ಕಲಿತ ಹಾಡನ್ನು ಮಗು ಮನೆಗೆ ಒಯ್ದು ತಾಯಿಗೇ ಕಲಿಸಿತು.

ಅದೇ ಕೋಣೆ ಇನ್ನೊಂದನ್ನು ಕಳೆಯಿತೆಂಬುದನ್ನೂ ಹೇಳಬೇಕು. ಕೊಚ್ಚಿಯ ಯೆಹೂದಿಯರ ಮನೆಮಾತು ಮಲೆಯಾಳ. ಕೊಂಕಣದ ಬೆನೆ ಇಸ್ರೇಲರದು ಮರಾಠಿ. ಯೋಮ್ ಕಿಪ್ಪುರನ್ನು ಬೆನೆ ಇಸ್ರೇಲರು ಬಾಗಿಲು ಮುಚ್ಚುವ ಹಬ್ಬವೆಂಬ ಅರ್ಥದ ಮರಾಠಿ ಹೆಸರಿನಿಂದ ಕರೆಯುತ್ತಿದ್ದರು. 1950ರ ದಶಕದಲ್ಲಿ ಕೊಚ್ಚಿಯವರಲ್ಲಿ ಬಹುಮಂದಿ ಇಸ್ರೇಲಿಗೆ ಹೊರಟುಹೋದರು. ಅವರ ಸ್ತ್ರೀಯರು ಮಲೆಯಾಳದ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಅಲ್ಲಿ ಮೊಮ್ಮಕ್ಕಳು ಸೇಬನ್ನು ಅದ್ದಿದ್ದು, ಚಪ್ಪರ ಸಿಂಗರಿಸಿದ್ದು ಹೀಬ್ರೂ ನುಡಿಯುತ್ತ. ಅಜ್ಜಿಯ ಮಾತು ಅಜ್ಜಿಯಲ್ಲಿಯೇ ಉಳಿಯಿತು. ಇಂದು ಆ ಹಾಡುಗಳ ಅರ್ಥವನ್ನು ವಿದ್ವಾಂಸರು ಬಿಡಿಸಬೇಕಾಗಿದೆ.

ಬರುವ ನವರಾತ್ರಿಗೆ ಮನೆಯಲ್ಲಿಯೂ ಅಂಗನವಾಡಿಯಲ್ಲಿಯೂ ಮಾವಿನ ತೋರಣವನ್ನು ಮಕ್ಕಳ ಕೈಯಿಂದಲೇ ಕಟ್ಟಿಸಿರಿ. ತೊಟ್ಟು, ಗಂಟು, ದಾರ, ತುದಿ ಎಂಬ ಮಾತುಗಳು ಆ ಹೊತ್ತಿನಲ್ಲಿ ಕನ್ನಡದಲ್ಲಿಯೇ ಬರಲಿ. ಆಯುಧಪೂಜೆಯ ದಿನ ಕುಂಕುಮವಿಡುವ ಕತ್ತಿ, ಗುದ್ದಲಿ, ನೇಗಿಲುಗಳ ಹೆಸರುಗಳೂ ಹಾಗೆಯೇ. ಮೂರು ವರ್ಷದ ಮಗುವಿಗೆ ಎಲೆ ಮಡಿಸಿ ಕಡ್ಡಿ ಚುಚ್ಚುವುದು ಆಗದು. ದಾರದ ಒಂದು ತುದಿಯನ್ನು ಹಿಡಿದುಕೊಳ್ಳಲು ಹೇಳಿರಿ.