‘ಉಚಿತ’ದ ಔಚಿತ್ಯ

ಸಂಸ್ಕೃತದಲ್ಲಿ ‘ಉಚಿತ’ವೆಂದರೆ ತಕ್ಕದ್ದು, ಯೋಗ್ಯವಾದದ್ದು. ಕನ್ನಡದ ವ್ಯವಹಾರದಲ್ಲಿ ಅದೇ ಶಬ್ದಕ್ಕೆ ಬೆಲೆಯಿಲ್ಲದೆ ದೊರೆಯುವುದು ಎಂಬ ಅರ್ಥವೂ ರೂಢವಾಗಿದೆ. ಬಿಟ್ಟಿಯಾಗಿ ಬಂದುದೆಲ್ಲ ಯೋಗ್ಯವಲ್ಲ; ಯೋಗ್ಯವಾದುದೆಲ್ಲ ಬಿಟ್ಟಿಯಾಗಿ ಬಾರದು. ಈ ಎರಡರ್ಥಗಳೂ ಒಂದೇ ವಸ್ತುವಿನಲ್ಲಿ ಕೂಡಿಬರುವುದು ವಿರಳ. ಗಣಕಯಂತ್ರದ ಭಾಷೆಗಳಲ್ಲಿ ಲಿಸ್ಪ್ ಎಂಬುದು ಅಂತಹುದೊಂದು. ಸಾಲಿಗ್ರಾಮದಂತಹ ಊರಿನ ವಿದ್ಯಾರ್ಥಿಗೆ ಅದು ಏತಕ್ಕೆ ಬೇಕು, ಹೇಗೆ ದೊರೆಯುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಮೆಕಾರ್ಥಿ ಅವರು 1958ರಲ್ಲಿ ಈ ಭಾಷೆಯ ರಚನೆಗೆ ತೊಡಗಿದರು. ಅಂದು ಗಣಕಯಂತ್ರವೆಂದರೆ ಲೆಕ್ಕ ಮಾಡುವ ಯಂತ್ರವೆಂದೇ ಬಹುಜನರ ಭಾವನೆ. ಲಿಸ್ಪ್ ಆದರೋ ಅಂಕಿಗಳನ್ನು ಮಾತ್ರವಲ್ಲದೆ ಪದಗಳ ಪಟ್ಟಿಗಳನ್ನೂ ಬಿಡಿಸಿ ಜೋಡಿಸಬಲ್ಲುದಾಯಿತು. ಅದರ ವ್ಯಾಕರಣ ಅತ್ಯಲ್ಪ. ಆವರಣ ಚಿಹ್ನೆಯೊಳಗೆ ಮೊದಲು ಕ್ರಿಯೆ, ಅನಂತರ ಕ್ರಿಯೆಗೆ ವಿಷಯವಾದವು. (+ 2 3) ಎಂದು ಬರೆದರೆ 5 ಎಂಬ ಉತ್ತರ ಬರುತ್ತದೆ. ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು. ಶಾಸ್ತ್ರವೆಲ್ಲ ಇಷ್ಟರಲ್ಲೇ ಅಡಗಿದೆ.

ಈ ಆವರಣಗಳನ್ನು ಕಂಡು ನಗುವವರುಂಟು. ವ್ಯಾಕರಣ ಓದಿದವರು ನಗಲಾರರು. ‘ಹೊಸ ಮನೆಯ ಬಾಗಿಲು’ ಎಂಬಲ್ಲಿ ಹೊಸತು ಯಾವುದು, ಮನೆಯೋ ಬಾಗಿಲೋ? ((ಹೊಸ ಮನೆಯ) ಬಾಗಿಲು) ಎಂದರೆ ಮನೆ ಹೊಸತು. (ಹೊಸ (ಮನೆಯ ಬಾಗಿಲು)) ಎಂದರೆ ಬಾಗಿಲು ಹೊಸತು. ಸಮಾಸಕ್ಕೆ ವಿಗ್ರಹವಾಕ್ಯ ಹೇಳಿಸುವ ಗುರುಗಳು ಮಾಡಿಸುವುದು ಇದನ್ನೇ.

ಇಲ್ಲಿ ಪಂಡಿತವರ್ಗಕ್ಕೂ ಒಂದು ಮಾತು ಸಲ್ಲುತ್ತದೆ. ಗಣಕಯಂತ್ರಕ್ಕೆ ಸಂಸ್ಕೃತವೇ ಸರ್ವಶ್ರೇಷ್ಠ ಭಾಷೆಯೆಂದು ವಿದೇಶೀಯರೇ ಒಪ್ಪಿದ್ದಾರೆ ಎಂಬ ಘೋಷಣೆ ಸಭೆಸಭೆಗಳಲ್ಲಿ ಕೇಳಿಬರುತ್ತದೆ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ವಿದ್ವಾಂಸರು ಬರೆದ ಲೇಖನವೇ ಇದರ ಮೂಲ. ಮರುವರ್ಷ ಬೆಂಗಳೂರಿನಲ್ಲಿ ಈ ವಿಷಯವಾಗಿ ಸಮ್ಮೇಳನವೂ ನಡೆಯಿತು. ಆದರೆ ಅವರು ತೋರಿಸಿದ್ದು, ವಾಕ್ಯಾರ್ಥವನ್ನು ಬಿಡಿಸಿ ಹೇಳುವ ಶಾಸ್ತ್ರಕಾರರ ಕ್ರಮಕ್ಕೂ ಯಂತ್ರದಲ್ಲಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಇರುವ ಹೋಲಿಕೆಯನ್ನು. ಹೋಲಿಕೆಯನ್ನು ಹೊಗಳಿಕೆಯಾಗಿ ತಿರುಗಿಸಿ ಕುಳಿತರೆ ಫಲವೇನು? ಅಜ್ಜನ ಗದ್ದೆಯನ್ನು ಹೊಗಳಿದರೆ ಭತ್ತ ಬೆಳೆಯದು, ಉಳಬೇಕು.

ಉಳುವುದಕ್ಕೆ ನೇಗಿಲು ದುರ್ಲಭವಲ್ಲ. 1987ರಲ್ಲಿ ಜರ್ಮನಿಯ ಬ್ರೂನೊ ಹೈಬಲ್ ಮತ್ತು ಮಿಶಾಯೆಲ್ ಸ್ಟೋಲ್ ಎಂಬಿಬ್ಬರು ಅಟಾರಿ ಎಂಬ ಮನೆಬಳಕೆಯ ಗಣಕಯಂತ್ರಕ್ಕಾಗಿಯೇ ಸಿಲಿಸ್ಪ್ ಎಂಬುದನ್ನು ರಚಿಸಿದರು. 1992ರಿಂದ ಅದು ಗ್ನೂ ಪರವಾನಗಿಯಲ್ಲಿ ಸ್ವತಂತ್ರವಾಗಿದೆ. 1999ರಲ್ಲಿ ಹೊರಬಂದ ಎಸ್‌ಬಿಸಿಎಲ್, ವಿದ್ಯಾರ್ಥಿಗಳಿಗೆ ಸುಲಭವಾದ ಡಾಕ್ಟರ್ ರ‍್ಯಾಕೆಟ್ ಇವೂ ಹಾಗೆಯೇ. ಇವುಗಳಿಗೆ ಹಣ ತೆರಬೇಕಿಲ್ಲ. ಅದಕ್ಕಿಂತ ಮಿಗಿಲಾಗಿ, ಇವುಗಳ ಒಳರಚನೆಯನ್ನು ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಸಹಪಾಠಿಗೆ ಕೊಡಬಹುದು. ಕದ್ದ ಪ್ರತಿಯಿಂದ ವಿದ್ಯೆ ಆರಂಭಿಸುವ ಅಳುಕು ಇಲ್ಲಿಲ್ಲ. ಈ ಸ್ವಾತಂತ್ರ್ಯವೇ ‘ಉಚಿತ’ ಶಬ್ದದ ಮೊದಲ ಅರ್ಥವನ್ನು ಸಾರ್ಥಕಗೊಳಿಸುವುದು.

ಇದು ಅಸಾಧ್ಯದ ಮಾತಲ್ಲ. 2001ರಲ್ಲಿ ಆರಂಭವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯು ಸ್ವತಂತ್ರ ತಂತ್ರಾಂಶವನ್ನೇ ಆಶ್ರಯಿಸಿತು; ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿ ಕಲಿತರು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿರುವುದರಿಂದ ಈ ಲಿಸ್ಪ್‌ಗಳಲ್ಲಿ ಕನ್ನಡ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ತಪ್ಪಾದಾಗ ಯಂತ್ರ ಕೊಡುವ ಸೂಚನೆ ಇಂಗ್ಲಿಷಿನಲ್ಲಿರುತ್ತದೆಂಬ ಕೊರತೆಯುಂಟು. ಅದನ್ನು ನೀಗಲು ಉಪಾಧ್ಯಾಯರ ನೆರವು ಅಗತ್ಯ.

ಲಿಸ್ಪ್ ಕಲಿತರೆ ಉದ್ಯೋಗ ದೊರೆತೀತೆ ಎಂದು ತಂದೆತಾಯಿಗಳು ಕೇಳುವುದು ಸಹಜ. ಉದ್ಯೋಗದ ಮಾರುಕಟ್ಟೆಯಲ್ಲಿ ಬೇರೆ ಭಾಷೆಗಳಿಗೆ ಹೆಚ್ಚು ಬೇಡಿಕೆಯಿರುವುದು ನಿಜ. ಆದರೆ ಮಾರುಕಟ್ಟೆಯ ಭಾಷೆಗಳು ಬದಲಾಗುತ್ತಿರುತ್ತವೆ. ಒಮ್ಮೆ ಅಳವಟ್ಟ ವಿಚಾರಕ್ರಮ ಬದಲಾಗದು. ಒಂದು ಉದಾಹರಣೆ ಸಾಕು. ‘ಊರು’ ಶಬ್ದಕ್ಕೆ ‘ಅನ್ನು’ ಪ್ರತ್ಯಯ ಸೇರಿದರೆ ಉಕಾರ ಲೋಪವಾಗಿ ‘ಊರನ್ನು’ ಆಗುತ್ತದೆ. ಉಕಾರಾಂತವೆಲ್ಲ ಹೀಗೆಯೇ ಎಂದು ಹುಡುಗನೊಬ್ಬ ನಿಯಮ ಬರೆದರೆ, ಯಂತ್ರ ‘ಗುರು’ವಿಗೆ ‘ಗುರನ್ನು’ ಎಂದುಬಿಡುತ್ತದೆ! ‘ಗುರುವನ್ನು’ ಎಂಬಲ್ಲಿ ವಕಾರಾಗಮವೇಕೆ ಎಂದು ಅವನು ಆಗ ಕೇಳುತ್ತಾನೆ. ಪರೀಕ್ಷೆಗಾಗಿ ಸೂತ್ರ ಉರುಹಚ್ಚಿದವನು ಎಂದೂ ಕೇಳದ ಪ್ರಶ್ನೆಯಿದು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನ ಶ್ರಮದ ಬೆಲೆ ಅಂದೇ ಅವನಿಗೆ ತಿಳಿದೀತು.

ಆದುದರಿಂದ ಶಾಲೆಗಳು ಒಂದು ಸಣ್ಣ ಕೆಲಸ ಮಾಡತಕ್ಕದ್ದು. ಇಂತಹ ಒಂದು ಲಿಸ್ಪನ್ನು ಒಮ್ಮೆ ಇಳಿಸಿಕೊಂಡು, ಮನೆಯಲ್ಲಿ ಹಳೆಯ ಗಣಕಯಂತ್ರವಾದರೂ ಇರುವ ಪ್ರತಿ ವಿದ್ಯಾರ್ಥಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡಬೇಕು. ಇಲ್ಲದವರಿಗೆ ಶಾಲೆಯ ಯಂತ್ರವನ್ನು ಸಂಜೆ ತೆರೆದಿಡಬೇಕು. ಗಣಿತದ ಉಪಾಧ್ಯಾಯರೂ ಕನ್ನಡ ಪಂಡಿತರೂ ಒಂದೇ ಮೇಜಿನ ಮುಂದೆ ಕುಳಿತು ಪಾಠ ಹೇಳಬೇಕು. ಖರ್ಚಾಗುವುದು ಕೆಲವು ಸಂಜೆಗಳು ಮಾತ್ರ. ಬೆಲೆಯಿಲ್ಲದೆ ದೊರೆತದ್ದನ್ನು ಬೆಲೆಯುಳ್ಳದ್ದನ್ನಾಗಿ ಮಾಡುವುದು ಕಲಿಸುವವರ ಮತ್ತು ಕಲಿಯುವವರ ಕೈಯಲ್ಲಿದೆ.