ಶಿಕ್ಷಕರ ತರಬೇತಿ: ಪರದೆಯ ಆಚೆ ಕೂತವರ ಪಾಲೇನು?

ವರ್ಷಕ್ಕೆ 50 ಗಂಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶದ ಪ್ರತಿಯೊಬ್ಬ ಶಿಕ್ಷಕರಿಂದ ನಿರೀಕ್ಷಿಸುವ ವೃತ್ತಿ ಕಲಿಕೆಯ ಕನಿಷ್ಠ ಅವಧಿ ಇದು. ಕೇಳುವುದಕ್ಕೆ ಹೆಚ್ಚೇನಲ್ಲ, ದಿನಕ್ಕೆ ಆರು ಗಂಟೆ ಎಂದುಕೊಂಡರೆ ಎಂಟೊಂಬತ್ತು ದಿನದ ಕೆಲಸ. ಆದರೆ ಕೇಂದ್ರ ಸರ್ಕಾರದ ಯುಡೈಸ್ ವರದಿಯ ಪ್ರಕಾರ 2024-25ರಲ್ಲಿ ದೇಶದ ಶಾಲಾ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿ ದಾಟಿದೆ. ಅಂದರೆ ವರ್ಷಕ್ಕೆ 50 ಕೋಟಿ ಗಂಟೆಗಳ ತರಬೇತಿ ಎಲ್ಲೋ ಒಂದು ಕಡೆ ನಡೆಯಲೇಬೇಕು.

ಈ ಲೆಕ್ಕವನ್ನು ಶಿಬಿರಗಳಿಂದಲೇ ತೀರಿಸಲಾಗದು. ಅದೇ ವರದಿಯಂತೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ; ಅವುಗಳಲ್ಲಿ ಓದುವ ಮಕ್ಕಳು 33 ಲಕ್ಷಕ್ಕೂ ಹೆಚ್ಚು. ಅಂಥ ಶಾಲೆಯ ಮೇಷ್ಟ್ರು ಐದು ದಿನ ತರಬೇತಿಗೆ ಹೋದರೆ ಪಕ್ಕದ ಊರಿನಿಂದ ಯಾರನ್ನಾದರೂ ನಿಯೋಜಿಸಬೇಕು, ಇಲ್ಲವೇ ಶಾಲೆಗೆ ಬೀಗ ಹಾಕಬೇಕು. ಹಾಗೆಂದು ಎಲ್ಲವನ್ನೂ ಆನ್‌ಲೈನ್‌ಗೆ ಸಾಗಿಸೋಣವೆಂದರೆ ಇಂಟರ್ನೆಟ್ ಇರುವ ಶಾಲೆಗಳ ಪ್ರಮಾಣ ಇನ್ನೂ ಶೇ 63ರ ಆಸುಪಾಸಿನಲ್ಲಿದೆ. ಆದ್ದರಿಂದಲೇ ಈಗ ಎಲ್ಲರ ಬಾಯಲ್ಲೂ ‘ಹೈಬ್ರಿಡ್’ ಎಂಬ ಪದ ಓಡಾಡುತ್ತಿದೆ. ಕೆಲವರು ಸಭಾಂಗಣದಲ್ಲಿ, ಉಳಿದವರು ಪರದೆಯಲ್ಲಿ, ಕಾರ್ಯಕ್ರಮ ಮಾತ್ರ ಒಂದೇ.

ನಾನು ಹನ್ನೊಂದು ವರ್ಷಗಳಿಂದ ಪುಣೆಯಲ್ಲಿ ಶಿಕ್ಷಕರ ತರಬೇತಿಗೆ ಸಾಮಗ್ರಿ ಸಿದ್ಧಪಡಿಸುವ ಕೆಲಸದಲ್ಲಿದ್ದೇನೆ. ಹೈಬ್ರಿಡ್ ಎಂಬ ಹೆಸರಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದವನಾಗಿ ಹೇಳುವುದಾದರೆ, ಬಹಳಷ್ಟು ಕಡೆ ಅದು ಬೆರಕೆಯಲ್ಲ, ಪಂಕ್ತಿಭೇದ. ಮುಂದಿನ ಪಂಕ್ತಿಯಲ್ಲಿ ಕೂತವರಿಗೆ ಬಿಸಿ ಊಟ, ಪರದೆಯ ಪಂಕ್ತಿಯವರಿಗೆ ಅದರ ವಾಸನೆ.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ವರ್ಷ ಒಂದು ಸಂಸ್ಥೆ ನಡೆಸಿದ ಎರಡು ದಿನದ ಗಣಿತ ಕಾರ್ಯಾಗಾರದಲ್ಲಿ ನಾನಿದ್ದೆ. ಸಭಾಂಗಣದಲ್ಲಿ ಸುಮಾರು ಅರವತ್ತು ಶಿಕ್ಷಕರು. ಆನ್‌ಲೈನ್‌ನಲ್ಲಿ ಅದರ ಮೂರು ಪಟ್ಟು. ವಿಷಯ ಭಿನ್ನರಾಶಿ. ಸಂಪನ್ಮೂಲ ವ್ಯಕ್ತಿ ಒಳ್ಳೆಯವರು. ಕಾಗದವನ್ನು ಮಡಚಿ ಅರ್ಧ, ಕಾಲು, ಅರೆಪಾವು ತೋರಿಸುತ್ತ, ಮೂರನೇ ಒಂದರಲ್ಲಿ ಅರ್ಧ ಎಂದರೆ ಆರನೇ ಒಂದು ಹೇಗಾಗುತ್ತದೆ ಎಂದು ಕೈಯಾರೆ ಮಾಡಿಸುತ್ತಿದ್ದರು. ಸಭಾಂಗಣದಲ್ಲಿ ಗಲಾಟೆ, ನಗು, ತಕರಾರು, ಎಲ್ಲ ಇತ್ತು. ಆದರೆ ಕ್ಯಾಮೆರಾ ಇದ್ದದ್ದು ಹಿಂದಿನ ಗೋಡೆಗೆ. ಮಡಚಿದ ಕಾಗದ ಪರದೆಯಲ್ಲಿ ಒಂದು ಬಿಳಿ ಚುಕ್ಕೆ. ಮೈಕು ವೇದಿಕೆಯಲ್ಲಿ ಮಾತ್ರ ಇದ್ದುದರಿಂದ ಶಿಕ್ಷಕರು ಕೇಳಿದ ಪ್ರಶ್ನೆ ಆಚೆಯವರಿಗೆ ಕೇಳಿಸದು, ಉತ್ತರ ಮಾತ್ರ ಕೇಳಿಸುತ್ತದೆ. ಪರದೆಯವರು ಬರೆದು ಕಳಿಸಿದ ಪ್ರಶ್ನೆಗಳನ್ನು ನೋಡಲು ಯಾರನ್ನೂ ನೇಮಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಹೆಸರುಗಳು ಪರದೆಯಲ್ಲಿದ್ದವು, ಮನುಷ್ಯರು ಬೇರೆ ಕೆಲಸದಲ್ಲಿದ್ದರು. ಕೊನೆಯಲ್ಲಿ ಎಲ್ಲರಿಗೂ ಒಂದೇ ಪ್ರಮಾಣಪತ್ರ ಹೋಯಿತು.

ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣ ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಕೈಯಿಂದ ಮಾಡಿ ಕಲಿಯುವುದನ್ನು ದೂರದಿಂದ ನೋಡಿ ಕಲಿಯಿರಿ ಎಂದು ಕೂರಿಸಿದರೆ ಯಾರಾದರೂ ಅಷ್ಟೇ.

ಕುತೂಹಲದ ಸಂಗತಿಯೆಂದರೆ, ಈ ವಿಷಯದಲ್ಲಿ ಕರ್ನಾಟಕ ಮೂವತ್ತು ವರ್ಷ ಹಿಂದೆಯೇ ಒಂದು ಸರಿಯಾದ ಹೆಜ್ಜೆ ಇಟ್ಟಿತ್ತು. 1996ರ ಜನವರಿಯಲ್ಲಿ ಇಗ್ನೊ ಮತ್ತು ಇಸ್ರೊ ನೆರವಿನಿಂದ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಉಪಗ್ರಹದ ಮೂಲಕ ಒಂದು ವಾರದ ತರಬೇತಿ ನಡೆಯಿತು. ಸುಮಾರು 850 ಶಿಕ್ಷಕರು 20 ಕೇಂದ್ರಗಳಲ್ಲಿ ಸೇರಿದ್ದರು. ತಜ್ಞರು ದೂರದ ಸ್ಟುಡಿಯೊದಲ್ಲಿ. ಚಿತ್ರ ಒಂದು ಕಡೆಯಿಂದ ಮಾತ್ರ ಬರುತ್ತಿತ್ತು, ಮಾತು ಎರಡೂ ಕಡೆ ಹೋಗುತ್ತಿತ್ತು. ಶಿಕ್ಷಕರು ಫೋನ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಇಂದಿನ ಕಣ್ಣಿಗೆ ಆ ತಂತ್ರಜ್ಞಾನ ಬಡವಾಗಿ ಕಾಣುತ್ತದೆ. ಆದರೆ ಅದರ ರಚನೆಯಲ್ಲಿ ಒಂದು ವಿವೇಕವಿತ್ತು. ಯಾರೂ ಒಂಟಿಯಾಗಿ ಕೂತಿರಲಿಲ್ಲ. ಪ್ರತಿ ಕೇಂದ್ರದಲ್ಲಿ ನಲವತ್ತು ಮಂದಿ ಒಟ್ಟಿಗಿದ್ದರು, ಜೊತೆಗೆ ಚಟುವಟಿಕೆ ಮಾಡಿಸಲು ಅಲ್ಲೇ ಮಾರ್ಗದರ್ಶಕರಿದ್ದರು. ದೂರದಿಂದ ಬರುತ್ತಿದ್ದುದು ತಜ್ಞರ ಮಾತು ಮಾತ್ರ. ಕೆಲಸ, ಚರ್ಚೆ, ಜಗಳ ಎಲ್ಲವೂ ಆ ಕೋಣೆಯಲ್ಲೇ.

2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದ್ದನ್ನು ಆ ಭಾಗದವರು ಮರೆತಿರಲಾರರು. ಆಮೇಲೆ ಮೊಬೈಲ್ ಬಂತು, 2017ರಲ್ಲಿ ದೀಕ್ಷಾ ವೇದಿಕೆ ಬಂತು. 2019ರಲ್ಲಿ ಸುಮಾರು 42 ಲಕ್ಷ ಶಿಕ್ಷಕರ ಗುರಿಯೊಂದಿಗೆ ನಿಷ್ಠಾ ಕಾರ್ಯಕ್ರಮ ಮುಖಾಮುಖಿಯಾಗಿ ಶುರುವಾಯಿತು. ಕೊರೊನಾ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ, ಅದೇ ಕಾರ್ಯಕ್ರಮ ಆನ್‌ಲೈನ್ ಕೋರ್ಸ್‌ಗಳ ರೂಪ ತಾಳಿತು. ತಲುಪಿದ ಜನರ ಸಂಖ್ಯೆ ನೋಡಿದರೆ ಇದು ದೊಡ್ಡ ಸಾಧನೆಯೇ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ಹಾಲು ನೀರಾಗುತ್ತಿದ್ದ ಹಳೆಯ ಏಣಿ ಪದ್ಧತಿಯ ಒಂದು ದೋಷವನ್ನು ಅದು ಸರಿಪಡಿಸಿತು. ತಜ್ಞರ ಮಾತು ಕಟ್ಟಕಡೆಯ ಶಾಲೆಗೂ ಕಲಬೆರಕೆಯಿಲ್ಲದೆ ತಲುಪಿತು. ಆದರೆ ಅದೇ ಹೊತ್ತಿಗೆ ಕೇಂದ್ರದಲ್ಲಿ ನಲವತ್ತು ಮಂದಿ ಒಟ್ಟಿಗೆ ಕೂರುತ್ತಿದ್ದ ವ್ಯವಸ್ಥೆ ಕರಗಿ, ಒಬ್ಬೊಬ್ಬರು ಒಂದೊಂದು ಮೊಬೈಲ್ ಹಿಡಿದು ಅಡುಗೆಮನೆಯಲ್ಲೋ ಬಸ್ಸಿನಲ್ಲೋ ವಿಡಿಯೊ ಮುಗಿಸುವ ಸ್ಥಿತಿ ಬಂತು. ವಿಡಿಯೊ ಎಷ್ಟು ಹೊತ್ತು ಓಡಿತು ಎಂಬುದು ಕಲಿಕೆಯ ಅಳತೆಗೋಲಾಯಿತು.

ಹಾಗಾದರೆ ಯಾವುದನ್ನು ಎಲ್ಲಿ ಮಾಡಬೇಕು? ನನ್ನ ಅನುಭವದಲ್ಲಿ ಇದಕ್ಕೆ ತೀರಾ ಸರಳವಾದ ಒಂದು ಗೆರೆ ಎಳೆಯಬಹುದು. ಕೇಳುವುದು, ಓದುವುದು, ನೋಡುವುದು ಇವು ಆನ್‌ಲೈನ್‌ಗೆ ಹೊಂದುತ್ತವೆ. ಶಿಕ್ಷಕರು ಬಿಡುವಾದಾಗ ನೋಡಬಹುದು, ಅರ್ಥವಾಗದಿದ್ದರೆ ಮತ್ತೆ ನೋಡಬಹುದು. ಮಾಡುವುದು, ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ‘ನನ್ನ ತರಗತಿಯಲ್ಲಿ ಇದು ನಡೆಯಲಿಲ್ಲ ಸರ್’ ಎಂದು ಒಪ್ಪಿಕೊಳ್ಳುವುದು, ಇವಕ್ಕೆ ಎದುರಿಗೆ ಮನುಷ್ಯರು ಬೇಕು. ಶಿಬಿರಕ್ಕೆ ಹೋದ ಯಾವ ಶಿಕ್ಷಕಿಯನ್ನು ಕೇಳಿದರೂ, ಹೆಚ್ಚು ಉಪಯೋಗವಾದದ್ದು ಚಹಾದ ಹೊತ್ತಿನಲ್ಲಿ ಪಕ್ಕದ ತಾಲ್ಲೂಕಿನವರ ಜೊತೆ ಆಡಿದ ಮಾತು ಎನ್ನುತ್ತಾರೆ. ಆ ಚಹಾದ ಹೊತ್ತನ್ನು ಪರದೆಯಲ್ಲಿ ಸೃಷ್ಟಿಸುವುದು ಕಷ್ಟ. ಆದರೆ ಪರದೆಯ ಮುಂದೆ ಒಬ್ಬರ ಬದಲು ಹದಿನೈದು ಮಂದಿಯನ್ನು ಕೂರಿಸಿದರೆ ಅದು ತಾನಾಗಿಯೇ ಹುಟ್ಟುತ್ತದೆ.

ಈ ಮಾತು ಬರೀ ಊಹೆಯಲ್ಲ. ನಾವು ಒಂದು ತರಬೇತಿಯಲ್ಲಿ ಹಳ್ಳಿಯ ಶಿಕ್ಷಕರನ್ನು ಮನೆಯಿಂದ ಸೇರಿಕೊಳ್ಳಿ ಎನ್ನದೆ, ನಡುವಿನ ಒಂದು ಶಾಲೆಯಲ್ಲಿ ಹದಿನಾಲ್ಕು ಮಂದಿ ಸೇರುವಂತೆ ಮಾಡಿದೆವು. ಒಂದು ಟಿವಿ, ಒಂದು ಒಳ್ಳೆಯ ಮೈಕು, ಒಬ್ಬ ಸ್ಥಳೀಯ ಮಾರ್ಗದರ್ಶಕಿ. ಮುಖ್ಯ ಸಭೆಯ ತಜ್ಞರು ಇಪ್ಪತ್ತು ನಿಮಿಷ ಮಾತಾಡಿ ನಿಲ್ಲಿಸುತ್ತಿದ್ದರು. ನಲವತ್ತು ನಿಮಿಷ ಎರಡೂ ಕಡೆ ಕೆಲಸ. ಆಮೇಲೆ ಮೊದಲ ಪ್ರಶ್ನೆ ಕಡ್ಡಾಯವಾಗಿ ಪರದೆಯ ಆಚೆಯಿಂದ. ಇಷ್ಟೇ ಬದಲಾವಣೆ. ಎರಡನೇ ದಿನ ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಮಧ್ಯದಲ್ಲಿ ಒಂದು ಗಂಟೆ ನೆಟ್‌ವರ್ಕ್ ಹೋದಾಗಲೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಮಾಡಬೇಕಾದದ್ದು ಅವರ ಕೈಯಲ್ಲೇ ಇತ್ತು.

ಕರ್ನಾಟಕದ ಹೊರಗಿರುವ ನಮಗೆ ಇದೆಲ್ಲ ಏಕೆ ಮುಖ್ಯ? ನನ್ನ ಕಳಕಳಿ ಇರುವುದು ಇಲ್ಲೇ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಮುಂಬೈ ಪಾಲಿಕೆಯೂ ಕನ್ನಡ ಶಾಲೆಗಳನ್ನು ನಡೆಸುತ್ತದೆ. ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಕಾಸರಗೋಡಿನಲ್ಲಿ, ಆಂಧ್ರದ ಗಡಿ ತಾಲ್ಲೂಕುಗಳಲ್ಲಿ ಕೂಡ ಕನ್ನಡದಲ್ಲಿ ಪಾಠ ಹೇಳುವವರಿದ್ದಾರೆ. ಪುಸ್ತಕ ಕನ್ನಡದಲ್ಲಿ, ಮಕ್ಕಳು ಕನ್ನಡದವರು. ತರಬೇತಿ ಮಾತ್ರ ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿ. ಮರಾಠಿಯ ಅಪೂರ್ಣಾಂಕ ನಮ್ಮ ಭಿನ್ನರಾಶಿ. ಅಲ್ಲಿನ ಕ್ಷೇತ್ರಫಳ ನಮ್ಮ ವಿಸ್ತೀರ್ಣ. ಗಡಿಭಾಗದ ಶಿಕ್ಷಕರಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಪದ ಬದಲಿಸಿದರೆ ಸಾಲದು. ಓದು-ಬರಹದ ತರಬೇತಿಯಲ್ಲಿ ಕಾಗುಣಿತ, ಒತ್ತಕ್ಷರ ಕಲಿಸುವ ಕಷ್ಟದ ಬಗ್ಗೆ ಮಾತಾಡಲು ಕನ್ನಡ ಕಲಿಸುವವರೇ ಎದುರಿಗೆ ಬೇಕು. ಒತ್ತಕ್ಷರವನ್ನು ಅಕ್ಷರದ ಕೆಳಗೆ ಬರೆಯುವ ನಮ್ಮ ಪದ್ಧತಿಯ ತೊಡಕು ದೇವನಾಗರಿಯಲ್ಲಿ ಕಲಿಸುವವರಿಗೆ ಹೇಗೆ ಹೊಳೆಯಬೇಕು?

ಈ ಶಿಕ್ಷಕರ ಸಂಖ್ಯೆ ಒಂದೊಂದು ತಾಲ್ಲೂಕಿನಲ್ಲೂ ಕಡಿಮೆ. ಅವರಿಗಾಗಿಯೇ ಪುಣೆಯಲ್ಲಿ ಕನ್ನಡ ಶಿಬಿರ ಮಾಡುವುದು ದುಬಾರಿ. ಜತ್ತದಿಂದ ಪುಣೆಗೆ 250 ಕಿಲೊಮೀಟರ್‌ಗೂ ಹೆಚ್ಚು. ವಿಜಯಪುರ ಅದಕ್ಕಿಂತ ಎಷ್ಟೋ ಹತ್ತಿರ. ಆದರೆ ವಿಜಯಪುರ ಬೇರೆ ರಾಜ್ಯ, ಬೇರೆ ಇಲಾಖೆ. ಚದುರಿದ ಇಂಥ ಚಿಕ್ಕ ಗುಂಪಿಗೆ ಹೈಬ್ರಿಡ್ ಪದ್ಧತಿ ಹೇಳಿ ಮಾಡಿಸಿದಂತಿದೆ. ವಿಜಯಪುರದ ಡಯಟ್‌ನಲ್ಲಿ ಕನ್ನಡ ಓದು-ಬರಹದ ಕಾರ್ಯಾಗಾರ ನಡೆಯುವ ದಿನ ಜತ್ತದ ಒಂದು ಶಾಲೆಯಲ್ಲಿ ಹದಿನೈದು ಶಿಕ್ಷಕರು, ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಹತ್ತು ಶಿಕ್ಷಕರು ಒಟ್ಟಿಗೆ ಕೂತು ಸೇರಿಕೊಳ್ಳಬಹುದು. ಪಠ್ಯಪುಸ್ತಕ ಬೇರೆ ಇರಬಹುದು. ಒಂದನೇ ತರಗತಿಯ ಮಗು ‘ಕ’ಕ್ಕೆ ಒತ್ತು ಕೊಡಲು ತಡವರಿಸುವ ರೀತಿ ಬೇರೆಯಲ್ಲ.

ಇದಕ್ಕೆ ತಂತ್ರಜ್ಞಾನ ಅಡ್ಡಿಯಲ್ಲ, ಕಾಗದಪತ್ರ ಅಡ್ಡಿ. ಒಂದು ರಾಜ್ಯದಲ್ಲಿ ಕಲಿತ ಗಂಟೆಗಳನ್ನು ಇನ್ನೊಂದು ರಾಜ್ಯ ತನ್ನ 50 ಗಂಟೆಗಳ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಆದೇಶವಾಗಬೇಕು. ಆದೇಶವಿಲ್ಲದೆ ಹೋದರೆ ಶಿಕ್ಷಕರು ತಮ್ಮ ಭಾನುವಾರವನ್ನು ಕಳೆದುಕೊಂಡು, ಮತ್ತೆ ಇಲಾಖೆಯ ತರಬೇತಿಗೂ ಹೋಗಬೇಕಾಗುತ್ತದೆ. ರಾಷ್ಟ್ರೀಯ ನೀತಿಯಲ್ಲಿ ಈ 50 ಗಂಟೆಗಳು ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಿ ಇರಬೇಕು ಎಂಬ ಆಶಯವಿದೆ. ಕನ್ನಡ ಕಲಿಸುವ ಶಿಕ್ಷಕಿ ಕನ್ನಡದಲ್ಲಿ ತರಬೇತಿ ಬಯಸುವುದಕ್ಕಿಂತ ಸಹಜವಾದ ಆಸಕ್ತಿ ಇನ್ನೇನಿದೆ? ಗಡಿ ವಿವಾದದ ಬಗ್ಗೆ ವರ್ಷಕ್ಕೆ ಹತ್ತು ಸಲ ಹೇಳಿಕೆ ಕೊಡುವ ಎರಡೂ ಸರ್ಕಾರಗಳು ಇಂಥ ಒಂದು ಪುಟದ ಒಪ್ಪಂದ ಮಾಡಿಕೊಂಡರೆ ಗಡಿಯ ಮಕ್ಕಳಿಗೆ ಹೆಚ್ಚು ಉಪಕಾರವಾಗುತ್ತದೆ.

ಇದರಲ್ಲಿ ಅಪಾಯವೂ ಇದೆ, ಅದನ್ನು ಹೇಳದಿದ್ದರೆ ಮಾತು ಅರ್ಧವಾದೀತು. ಆನ್‌ಲೈನ್ ದಾರಿ ಒಮ್ಮೆ ತೆರೆದುಕೊಂಡರೆ ಶಿಬಿರದ ಖರ್ಚು ಉಳಿಸುವ ಆಸೆ ಯಾವ ಇಲಾಖೆಗೂ ಬರುತ್ತದೆ. ಮೊದಲು ಪ್ರಯಾಣ ಭತ್ಯೆ ಹೋಗುತ್ತದೆ, ಆಮೇಲೆ ಸ್ಥಳೀಯ ಮಾರ್ಗದರ್ಶಕರು ಹೋಗುತ್ತಾರೆ, ಕೊನೆಗೆ ಲಿಂಕ್ ಒಂದೇ ಉಳಿಯುತ್ತದೆ. ರಜೆಯ ದಿನ, ಸಂಜೆ ಏಳಕ್ಕೆ, ಸ್ವಂತ ಡೇಟಾ ಖರ್ಚು ಮಾಡಿ ಸೇರಿಕೊಳ್ಳಿ ಎಂಬ ಸಂದೇಶ ಬರತೊಡಗುತ್ತದೆ. ಮನೆಗೆಲಸದ ಹೊರೆ ಹೊತ್ತ ಶಿಕ್ಷಕಿಯರಿಗೆ ಇದು ದುಪ್ಪಟ್ಟು ಭಾರ. ಹಾಗಾಗಿ ಹೈಬ್ರಿಡ್ ಎಂದರೆ ಅಗ್ಗದ ತರಬೇತಿ ಎಂಬ ಲೆಕ್ಕವನ್ನು ಮೊದಲಿಗೇ ಬಿಡಬೇಕು. ಸರಿಯಾಗಿ ಮಾಡಿದರೆ ಅದರಲ್ಲಿ ಉಳಿಯುವುದು ಪ್ರಯಾಣದ ದಿನಗಳು, ಹಣವಲ್ಲ. ಪರದೆಯ ಕಡೆಗೆ ಒಬ್ಬ ಪೂರ್ಣಾವಧಿ ನಿರ್ವಾಹಕರು, ಪ್ರತಿ ಕೇಂದ್ರಕ್ಕೆ ಒಬ್ಬ ಮಾರ್ಗದರ್ಶಕರು, ಶಾಲಾ ವೇಳೆಯಲ್ಲೇ ಸಮಯ, ಮುಂಚಿತವಾಗಿ ತಲುಪುವ ಸಾಮಗ್ರಿ, ಈ ನಾಲ್ಕಕ್ಕೂ ಖರ್ಚಿದೆ.

ನಮ್ಮಂಥ ವಲಸಿಗರು ಇಲ್ಲಿ ಮಾಡಬಹುದಾದದ್ದು ಸಣ್ಣದು, ಆದರೆ ನಿಜವಾದದ್ದು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ಕನ್ನಡ ಸಂಘಗಳಿಗೆ ತಮ್ಮದೇ ಕಟ್ಟಡ, ಸಭಾಂಗಣ ಇರುವುದುಂಟು. ವಾರದ ದಿನಗಳಲ್ಲಿ ಅವು ಬಹುತೇಕ ಖಾಲಿ. ದೂರದ ಕಾರ್ಯಾಗಾರಕ್ಕೆ ಶಿಕ್ಷಕರು ಗುಂಪಾಗಿ ಸೇರಿಕೊಳ್ಳಲು ಅವು ಕೇಂದ್ರಗಳಾಗಬಹುದು. ನಮ್ಮಲ್ಲಿ ಅನೇಕರು ಕಚೇರಿಯಲ್ಲಿ ದಿನಾ ಮೂರು ಊರುಗಳ ಜೊತೆ ಸಭೆ ನಡೆಸುವವರು. ಮೈಕು ಎಲ್ಲಿಡಬೇಕು, ಪರದೆಯವರನ್ನು ಹೇಗೆ ಮಾತಾಡಿಸಬೇಕು ಎಂಬುದು ನಮಗೆ ಅಭ್ಯಾಸವಾಗಿದೆ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಒಟ್ಟುಗೂಡಿಸುವ ಹಣದಲ್ಲಿ ಒಂದು ಪಾಲು ಎರಡು ಮೈಕು, ಒಂದು ಟಿವಿ ಮತ್ತು ಶಿಕ್ಷಕರ ಊಟಕ್ಕೆ ಹೋದರೆ ಕನ್ನಡದ ಹಬ್ಬಕ್ಕೆ ಕೊರತೆಯೇನೂ ಆಗದು.

ಹೊರನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆ ನಮ್ಮ ಎಲ್ಲ ಸಭೆಗಳಲ್ಲೂ ಕೇಳುತ್ತದೆ. ಉಳಿದಿರುವ ಮಕ್ಕಳಿಗೆ ಪಾಠ ಹೇಳುವವರು ಹೊಸದನ್ನು ಯಾವ ಭಾಷೆಯಲ್ಲಿ, ಯಾರ ಜೊತೆ ಕೂತು ಕಲಿಯುತ್ತಿದ್ದಾರೆ ಎಂಬ ಪ್ರಶ್ನೆ ಅಷ್ಟಾಗಿ ಕೇಳುವುದಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ತರಬೇತಿ ವೇಳಾಪಟ್ಟಿ ತಯಾರಾಗುವ ಮುನ್ನ ನಿಮ್ಮ ಊರಿನ ಕನ್ನಡ ಸಂಘ ಆ ಪ್ರಶ್ನೆಯನ್ನು ಒಂದು ಮನವಿಪತ್ರವಾಗಿಸಿ ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಗೆ ಕಳಿಸಲಿ.